ನೂಲಿನಂತೆ ಸೀರೆ: ಧಾರವಾಡ ಸೀಮೆಯ ಹತ್ತಿ ತಳಿಗಳಲ್ಲಿ ಅನುವಂಶೀಯತೆಯ ಲೆಕ್ಕ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಕನ್ನಡನಾಡಿನ ಎಲ್ಲ ಭಾಗಗಳಲ್ಲಿಯೂ ಬಳಕೆಯಲ್ಲಿದೆ. ಮುಂದಿನ ಪೀಳಿಗೆ ಹೇಗಿದ್ದೀತು ಎಂಬುದನ್ನು ಹಿಂದಿನ ಪೀಳಿಗೆಯನ್ನು ನೋಡಿ ಊಹಿಸಬಹುದೆಂಬ ನಂಬಿಕೆಯೇ ಈ ಗಾದೆಯ ತಿರುಳು. ನೂಲು, ಸೀರೆ, ತಾಯಿ, ಮಗಳು ಎಂಬ ನಾಲ್ಕು ಮಾತುಗಳಲ್ಲಿ ಅನುವಂಶೀಯತೆಯ ಒಂದು ಸಿದ್ಧಾಂತವೇ ಅಡಗಿದೆ. ಆದರೆ ಈ ಸಿದ್ಧಾಂತದಲ್ಲಿ ಒಂದು ಕೊರತೆಯೂ ಇದೆ. ಅದರಲ್ಲಿ ತಂದೆಯ ಪ್ರಸ್ತಾಪವಿಲ್ಲ. ಹತ್ತಿಯನ್ನು ಬೆಳೆದು, ನೂತು, ನೇಯ್ದು ಬದುಕಿದ ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಈ ಕೊರತೆ ಕೇವಲ ಮಾತಿನದಾಗಿರಲಿಲ್ಲ. ಅದು ಹೊಲದ ಕೊರತೆಯೂ ಆಗಿತ್ತು. ಕಾಣದ ತಂದೆಯನ್ನು ಗುರುತಿಸುವುದು, ಆಮೇಲೆ ಅವನನ್ನು ಕಟ್ಟುನಿಟ್ಟಿನಲ್ಲಿಡುವುದು, ಕಡೆಗೆ ಬೇಕಾದ ತಂದೆಯನ್ನೇ ಆರಿಸುವುದು ಎಂಬ ಮೂರು ಹಂತಗಳಲ್ಲಿ ಈ ಸೀಮೆಯ ಹತ್ತಿ ತಳಿಗಳ ಒಂದು ಶತಮಾನದ ಇತಿಹಾಸವನ್ನು ಗ್ರಹಿಸಬಹುದಾಗಿದೆ. ಈ ಮೂರು ಹಂತಗಳಲ್ಲಿ ರೈತನಿಗೆ ಒದಗಿದ ಲಾಭವೇನು, ಅವನ ಕೈಬಿಟ್ಟು ಹೋದದ್ದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಪರಿಶೀಲನೆಗೆ ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿ ಒಂದು ಒಳ್ಳೆಯ ನೆಲೆ. ಆಂಜನೇಯನ ಕ್ಷೇತ್ರವೆಂದು ಪ್ರಸಿದ್ಧವಾದ ಈ ಗ್ರಾಮ ಖಾದಿಯ ನೇಯ್ಗೆಯಿಂದಲೂ ಹೆಸರು ಪಡೆದಿದೆ. 1957ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧಪಡಿಸುತ್ತ ಬಂದ ರಾಷ್ಟ್ರಧ್ವಜಗಳ ಬಟ್ಟೆಯನ್ನು ತುಳಸಿಗೇರಿಯ ಮಗ್ಗಗಳಲ್ಲಿ, ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಗಳಿಂದಲೇ, ನೇಯಲಾಗಿದೆ. ಧ್ವಜದ ಬಟ್ಟೆಗೆ ದಾರ ಏಕರೂಪವಾಗಿರಬೇಕು. ಎಳೆಯ ಲೆಕ್ಕ, ತೂಕ, ಬಿಗಿ ಎಲ್ಲವೂ ಭಾರತೀಯ ಮಾನಕ ಸಂಸ್ಥೆ ಗೊತ್ತುಪಡಿಸಿದ ಮಿತಿಯೊಳಗಿರಬೇಕು. ಇಲ್ಲಿ ನೂಲುವ ಹತ್ತಿಯೆಲ್ಲ ಸುತ್ತಲಿನ ಎರೆಹೊಲಗಳಿಂದಲೇ ಬರುತ್ತದೆಂದು ಭಾವಿಸಬೇಕಾಗಿಲ್ಲ. ಅದರ ಹಂಜಿ ಚಿತ್ರದುರ್ಗದ ಕೇಂದ್ರದಿಂದ ಪೂರೈಕೆಯಾಗುತ್ತ ಬಂದಿದೆ. ಆದರೂ ಒಂದೇ ಸಮನಾದ ದಾರ ಬೇಕಾದರೆ ಒಂದೇ ಸಮನಾದ ಎಳೆ ಬೇಕು, ಒಂದೇ ಸಮನಾದ ಎಳೆ ಬೇಕಾದರೆ ತಂದೆತಾಯಿಯರು ಗೊತ್ತಿರುವ ಬೀಜ ಬೇಕು. ಮಗ್ಗದ ಈ ಬೇಡಿಕೆಯೇ ಹೊಲದಲ್ಲಿ ಅನುವಂಶೀಯತೆಯ ಪ್ರಶ್ನೆಯನ್ನು ಎತ್ತುತ್ತದೆ.

ಕಾಣುವ ತಾಯಿ, ಕಾಣದ ತಂದೆ

ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಕಪ್ಪುಮಣ್ಣಿನಲ್ಲಿ ಹಿಂದಿನಿಂದಲೂ ಬೆಳೆಯುತ್ತಿದ್ದ ಜವಾರಿ ಹತ್ತಿ ಗಾಸಿಪಿಯಂ ಹರ್ಬೇಸಿಯಂ ಎಂಬ ಪ್ರಭೇದಕ್ಕೆ ಸೇರಿದುದು. ಘಟ್ಟವಿಳಿದು ಉತ್ತರ ಕನ್ನಡದ ಕುಮಟಾ ಬಂದರಿನ ಮೂಲಕ ಹಡಗು ಹತ್ತುತ್ತಿದ್ದ ಕಾರಣದಿಂದ ವ್ಯಾಪಾರಿಗಳು ಇದನ್ನು ಕುಮಟಾ ಹತ್ತಿ ಎಂದು ಕರೆದರು. ಬೆಳೆದ ನೆಲದ ಹೆಸರು ಮರೆಯಾಗಿ, ಸಾಗಿಹೋದ ದಾರಿಯ ಹೆಸರೇ ಬೆಳೆಗೆ ಉಳಿದುದು ಗಮನಾರ್ಹ. ಈ ಹತ್ತಿಯಲ್ಲಿ ಅರಳೆಯ ಪಾಲು ಕಾಲುಭಾಗದ ಆಸುಪಾಸಿನಷ್ಟು, ಉಳಿದುದೆಲ್ಲ ಕಾಳು.

ಜಿನ್ನಿಂಗ್ ಕಾರ್ಖಾನೆಗಳು ಬರುವ ಮುನ್ನ ಕಾಳು ಬೇರ್ಪಡಿಸುವ ಕೆಲಸ ಮನೆಯ ಅಂಗಳದಲ್ಲಿಯೇ ನಡೆಯುತ್ತಿತ್ತು. ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನಿಟ್ಟು, ಪಾದಗಳಿಂದ ಅದನ್ನು ಉರುಳಿಸುತ್ತ ಹೆಂಗಸರು ಅರಳೆಯನ್ನು ಕಾಳಿನಿಂದ ಬಿಡಿಸುತ್ತಿದ್ದರು. ಈ ಪದ್ಧತಿಯಲ್ಲಿ ಕೆಲಸ ನಿಧಾನವಾದರೂ ಒಂದು ದೊಡ್ಡ ಅನುಕೂಲವಿತ್ತು. ಯಾವ ಹೊಲದ, ಯಾವ ಬಿಡಿಸುವಿಕೆಯ ಕಾಳು ಯಾವುದು ಎಂಬುದು ಮನೆಯವರಿಗೆ ತಿಳಿದಿರುತ್ತಿತ್ತು. ಚೆನ್ನಾಗಿ ಅರಳಿದ ಕಾಯಿ, ನೀಳವಾದ ಎಳೆ, ರೋಗ ತಾಕದ ಗಿಡ ಇವುಗಳನ್ನು ನೋಡಿ ಬಿತ್ತಿಗೆಯ ಕಾಳನ್ನು ಬೇರೆ ತೆಗೆದಿರಿಸಬಹುದಾಗಿತ್ತು.

ಈ ಆಯ್ಕೆ ಅರ್ಥಹೀನವಾದುದಲ್ಲ, ಆದರೆ ಅರ್ಧ ಕುರುಡಾದುದು. ಅದಕ್ಕೆ ಕಾರಣ ಹತ್ತಿಯ ರಚನೆಯಲ್ಲಿಯೇ ಇದೆ. ಹತ್ತಿಯ ಪ್ರತಿಯೊಂದು ಎಳೆಯೂ ಕಾಳಿನ ಹೊರಸಿಪ್ಪೆಯ ಒಂದೊಂದು ಜೀವಕೋಶ ಉದ್ದಕ್ಕೆ ಬೆಳೆದು ಆದದ್ದು. ಕಾಳಿನ ಸಿಪ್ಪೆ ಪೂರ್ಣವಾಗಿ ತಾಯಿಗಿಡದ ಅಂಗ. ಪರಾಗ ತಂದ ತಂದೆಗಿಡದ ಪಾಲು ಅದರಲ್ಲಿಲ್ಲ. ತಂದೆಯ ಪಾಲಿರುವುದು ಸಿಪ್ಪೆಯ ಒಳಗಿನ ಭ್ರೂಣದಲ್ಲಿ. ಆದ್ದರಿಂದ ಕೈಯಲ್ಲಿ ಹಿಡಿದ ಕಾಳಿನ ಮೇಲಿನ ಎಳೆಯನ್ನು ಎಷ್ಟೇ ಪರೀಕ್ಷಿಸಿದರೂ ಕಾಣುವುದು ತಾಯಿಯ ಗುಣ ಮಾತ್ರ. ತಂದೆ ಯಾರೆಂಬುದು ಆ ಕಾಳು ಮೊಳೆತು, ಗಿಡವಾಗಿ, ಕಾಯಿಬಿಟ್ಟ ಮೇಲಷ್ಟೇ ಗೊತ್ತಾಗುತ್ತದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಹತ್ತಿಯ ಹೊಲದ ಮಟ್ಟಿಗೆ ಕಂಡದ್ದನ್ನು ಕಂಡಂತೆಯೇ ಹೇಳಿದೆ.

ಹತ್ತಿಯ ಹೂವಿನಲ್ಲಿ ಗಂಡು ಮತ್ತು ಹೆಣ್ಣು ಭಾಗಗಳೆರಡೂ ಇರುವುದರಿಂದ ಹೆಚ್ಚಿನ ಕಾಳುಗಳಿಗೆ ತಂದೆಯೂ ತಾಯಿಯೂ ಒಂದೇ ಗಿಡ. ಆದರೆ ಜೇನು ಮೊದಲಾದ ಕೀಟಗಳು ಬೇರೆ ಗಿಡಗಳ ಪರಾಗವನ್ನು ತರುವುದುಂಟು. ಇಂತಹ ಅನ್ಯಸಂಪರ್ಕ ಪ್ರತಿ ಪೀಳಿಗೆಯಲ್ಲಿ ನೂರಕ್ಕೆ 5 ಕಾಳುಗಳಷ್ಟು ಮಾತ್ರ ಎಂದಿಟ್ಟುಕೊಂಡರೂ ಲೆಕ್ಕ ಬೇಗನೆ ಬೆಳೆಯುತ್ತದೆ. ಒಂದು ಪೀಳಿಗೆಯಲ್ಲಿ ವಂಶ ಕೆಡದೆ ಉಳಿಯುವ ಸಂಭವನೀಯತೆ 0.95, ಹತ್ತು ಪೀಳಿಗೆಗಳಲ್ಲಿ ಒಮ್ಮೆಯೂ ಕೆಡದೆ ಉಳಿಯುವ ಸಂಭವನೀಯತೆ 0.95ನ್ನು ಹತ್ತು ಬಾರಿ ಗುಣಿಸಿದಾಗ ಬರುವ 0.60. ಎಂದರೆ ಹತ್ತು ವರ್ಷಗಳಲ್ಲಿ ನೂರರಲ್ಲಿ ಸುಮಾರು 40 ಕಾಳುಗಳ ವಂಶದಲ್ಲಿ ಒಮ್ಮೆಯಾದರೂ ಹೊರಗಿನ ತಂದೆಯೊಬ್ಬ ಸೇರಿರುತ್ತಾನೆ. ಒಂದೇ ಹೊಲದಲ್ಲಿ ಹತ್ತಾರು ಬಗೆಯ ಗಿಡಗಳು ಕಾಣುತ್ತಿದ್ದುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಮನುಷ್ಯನಿಂದಲೇ ಒದಗಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಬೀಜವನ್ನೂ ತೋಟಗಾರರನ್ನೂ ಕರೆಸಿ ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗ ನಡೆಸಿತು. ಆ ನ್ಯೂ ಆರ್ಲಿಯನ್ಸ್ ಬೀಜದ ಸಂತತಿ ಗದಗ ಮತ್ತು ಹುಬ್ಬಳ್ಳಿಯ ಸುತ್ತ ನೆಲೆನಿಂತು ಧಾರವಾಡ ಅಮೆರಿಕನ್ ಎಂಬ ಹೆಸರು ಪಡೆಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿದಾಗ ಬಗೆಬಗೆಯ ಹತ್ತಿಗಳನ್ನು ಬೆರೆಸಿ ಮಾರುವ ಮೋಸ ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬಯಿ ಸರ್ಕಾರ ಅದರ ವಿರುದ್ಧ ಕಾಯಿದೆಯನ್ನೇ ತರಬೇಕಾಯಿತು. ಅಮೆರಿಕದ ಹತ್ತಿಯ ವರ್ಣತಂತುಗಳು 52, ಜವಾರಿ ಹತ್ತಿಯವು 26. ಇವೆರಡರ ನಡುವೆ ಹುಟ್ಟುವ ಅಪರೂಪದ ಗಿಡ 39 ವರ್ಣತಂತುಗಳ ಬಂಜೆ. ಆದ್ದರಿಂದ ಈ ಎರಡು ಜಾತಿಗಳು ಹೊಲದಲ್ಲಿ ರಕ್ತದಿಂದ ಬೆರೆಯಲಿಲ್ಲ; ಜಿನ್ನಿನಲ್ಲಿ ಕಾಳಾಗಿ ಬೆರೆತವು. ಉಗಿಯಂತ್ರದ ಜಿನ್ನುಗಳು ಹರಡಿದಂತೆ ಅಂಗಳದ ಕಲ್ಲು ಮೂಲೆ ಸೇರಿತು. ರೈತ ಜಿನ್ನಿಗೆ ಹತ್ತಿ ಕೊಟ್ಟು ಅಲ್ಲಿಂದಲೇ ಬಿತ್ತಿಗೆಯನ್ನು ತರತೊಡಗಿದ. ಅದುವರೆಗೆ ತಂದೆ ಮಾತ್ರ ಕಾಣದವನಾಗಿದ್ದನು. ಈಗ ತಾಯಿಯೂ ಕಾಣದಾದಳು.

ಮೂರಕ್ಕೆ ಒಂದು

ಕಾಣದ ತಂದೆಯನ್ನು ಸಂಖ್ಯೆಯ ಮೂಲಕ ಕಾಣಿಸಿದವನು ಗ್ರೆಗರ್ ಮೆಂಡೆಲ್. ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿಯ ಮೇಲೆ ನಡೆಸಿದ ಪ್ರಯೋಗಗಳನ್ನು ಆತ 1865ರಲ್ಲಿ ಮಂಡಿಸಿದ. 1866ರಲ್ಲಿ ಅವು ಪ್ರಕಟಗೊಂಡವು. ದುಂಡು ಕಾಳಿನ ಮತ್ತು ಸುಕ್ಕು ಕಾಳಿನ ಬಟಾಣಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ದುಂಡು ಕಾಳುಗಳೇ ಬಂದವು. ಅವುಗಳ ಮಕ್ಕಳಲ್ಲಿ 5,474 ದುಂಡು, 1,850 ಸುಕ್ಕು. ಅನುಪಾತ 2.96ಕ್ಕೆ 1, ಎಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು.

ಮೆಂಡೆಲನ ವಿವರಣೆ ಸರಳವಾದುದು. ಪ್ರತಿಯೊಂದು ಗುಣಕ್ಕೂ ಗಿಡದಲ್ಲಿ ಎರಡು ವಂಶವಾಹಿಗಳಿರುತ್ತವೆ. ಒಂದು ತಂದೆಯದು, ಒಂದು ತಾಯಿಯದು. ಸಂತತಿಗೆ ಎರಡರಲ್ಲಿ ಒಂದು ಮಾತ್ರ ದಾಟುತ್ತದೆ, ಅದು ಯಾವುದೆಂಬುದು ನಾಣ್ಯ ಚಿಮ್ಮಿದಂತೆ ಆಕಸ್ಮಿಕ. ಮಿಶ್ರಗಿಡದ ಎರಡು ಕಡೆಗಳಿಂದಲೂ ದುರ್ಬಲ ವಂಶವಾಹಿಯೇ ಬರುವ ಸಂಭವನೀಯತೆ ಅರ್ಧದ ಅರ್ಧ, ಎಂದರೆ ಕಾಲು. ಉಳಿದ ಮುಕ್ಕಾಲು ಭಾಗದಲ್ಲಿ ಪ್ರಬಲ ಗುಣ ತೋರುತ್ತದೆ. ಆದರೆ ಆ ಮುಕ್ಕಾಲಿನಲ್ಲಿಯೂ ಮೂರರಲ್ಲಿ ಒಂದು ಗಿಡ ಮಾತ್ರ ಶುದ್ಧ. ಎರಡು ಗಿಡಗಳು ದುರ್ಬಲ ಗುಣವನ್ನು ಒಳಗೆ ಹೊತ್ತು ತಿರುಗುವಂಥವು. ಹೊರನೋಟಕ್ಕೆ ಈ ಮೂರೂ ಒಂದೇ. ಕಣ್ಣಿಗೆ ಸಿಗದ ಈ ಭೇದ ಮುಂದಿನ ಪೀಳಿಗೆಯ ಎಣಿಕೆಗೆ ಸಿಗುತ್ತದೆ. ಒಂದು ಸಂತತಿ ಹೀಗೆಯೇ ಆಗುವುದೆಂದು ಮೆಂಡೆಲ್ ಹೇಳಲಿಲ್ಲ. ನೂರಾರು ಸಂತತಿಗಳಲ್ಲಿ ಎಷ್ಟು ಪಾಲು ಹೇಗಾಗುವುದೆಂದು ಹೇಳಿದ. ಭವಿಷ್ಯ ನುಡಿಯುವುದಕ್ಕೂ ಸಂಭವನೀಯತೆಯನ್ನು ಹೇಳುವುದಕ್ಕೂ ಇರುವ ಅಂತರ ಇದೇ.

ಮೂವತ್ತನಾಲ್ಕು ವರ್ಷ ಯಾರ ಗಮನಕ್ಕೂ ಬಾರದಿದ್ದ ಈ ನಿಯಮ 1900ರಲ್ಲಿ ಮತ್ತೆ ಬೆಳಕಿಗೆ ಬಂದಿತು. ಹತ್ತಿಗೆ ಅದನ್ನು ಅನ್ವಯಿಸುವ ಕೆಲಸ ಬಹುಬೇಗ ಆರಂಭವಾಯಿತು. ಈಜಿಪ್ಟಿನಲ್ಲಿ ಲಾರೆನ್ಸ್ ಬಾಲ್ಸ್, ಮದರಾಸಿನಲ್ಲಿ ಫೈಸನ್, ಕಾನಪುರದಲ್ಲಿ ಮಾರ್ಟಿನ್ ಲೀಕ್ ಇವರು 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಹತ್ತಿಯ ಸಂಕರಗಳನ್ನು ಎಣಿಸತೊಡಗಿದ್ದರು. ಏಷ್ಯಾದ ಹತ್ತಿಗಳಲ್ಲಿ ಹಳದಿ ಹೂವು ಪ್ರಬಲ, ಬಿಳಿ ಹೂವು ದುರ್ಬಲ. ಎರಡನೆಯ ಪೀಳಿಗೆಯಲ್ಲಿ ಮೂರು ಹಳದಿಗೆ ಒಂದು ಬಿಳಿ. ಅಗಲ ಎಲೆ ಮತ್ತು ಸೀಳು ಎಲೆಗಳ ಸಂಕರದಲ್ಲಿ ಮಗು ಎರಡರ ನಡುವಣ ರೂಪದ್ದು. ಮೊಮ್ಮಕ್ಕಳಲ್ಲಿ ಒಂದು ಅಗಲ, ಎರಡು ನಡುವಣ, ಒಂದು ಸೀಳು. ಬಟಾಣಿಯ ನಿಯಮ ಬಯಲುಸೀಮೆಯ ಬೆಳೆಗೂ ಸಲ್ಲುತ್ತದೆಂಬುದು ಇದರಿಂದ ಸ್ಪಷ್ಟವಾಯಿತು.

ಧಾರವಾಡದ ಕ್ಷೇತ್ರದಲ್ಲಿ

ಮುಂಬಯಿ ಪ್ರಾಂತದ ಕೃಷಿ ಇಲಾಖೆಯ ಧಾರವಾಡ ಕ್ಷೇತ್ರದಲ್ಲಿ ಈ ವಿದ್ಯೆಯನ್ನು ಕುಮಟಾ ಹತ್ತಿಗೆ ಅನ್ವಯಿಸಿದವರಲ್ಲಿ ಜಿ. ಎಲ್. ಕೊಟ್ಟೂರ ಅವರು ಪ್ರಮುಖರು. ಕುಮಟಾ ಹತ್ತಿ ಮತ್ತು ಅದರ ಸುಧಾರಣೆಯನ್ನು ಕುರಿತ ಅವರ ಪ್ರೌಢ ವರದಿ 1920ರಲ್ಲಿ ಭಾರತ ಕೃಷಿ ಇಲಾಖೆಯ ಗ್ರಂಥಮಾಲೆಯಲ್ಲಿ ಹೊರಬಂದಿತು. ಹರ್ಬೇಸಿಯಂ ಮತ್ತು ನೆಗ್ಲೆಕ್ಟಂ ಹತ್ತಿಗಳ ಸಂಕರದಲ್ಲಿ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಹಂಚಿಹೋಗುತ್ತವೆ ಎಂಬ ಅವರ ಅಧ್ಯಯನ 1923ರಲ್ಲಿ ಪ್ರಕಟವಾಯಿತು. ಬಯಲುಸೀಮೆಯ ಹೊಲದಲ್ಲಿ ಮೆಂಡೆಲನ ನಿಯಮಗಳನ್ನು ಗಿಡ ಗಿಡವನ್ನೂ ಎಣಿಸಿ ಪರೀಕ್ಷಿಸಿದ ಆರಂಭದ ಕೆಲಸಗಳಲ್ಲಿ ಇದೊಂದು.

ಈ ಕೆಲಸದ ಮೊದಲ ಹೆಜ್ಜೆ ತಂದೆಯನ್ನು ಕಟ್ಟುನಿಟ್ಟಿನಲ್ಲಿಡುವುದು. ಹೂವು ಅರಳುವ ಹಿಂದಿನ ಸಂಜೆ ಮೊಗ್ಗಿನ ತುದಿಯನ್ನು ದಾರದಿಂದಲೋ ತಂತಿಯ ಉಂಗುರದಿಂದಲೋ ಬಿಗಿದರೆ ಮರುದಿನ ಕೀಟ ಒಳಹೋಗುವಂತಿಲ್ಲ. ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಕಾಸಿನ ಖರ್ಚಿಲ್ಲದ ಈ ಉಪಾಯದಿಂದ ಗಾದೆಯ ಕೊರತೆ ತುಂಬಿತು. ತಂದೆ ಯಾರೆಂದು ಕೇಳಿದರೆ ತಾಯಿಯೇ ಎಂದು ಖಚಿತವಾಗಿ ಹೇಳಬಹುದಾಯಿತು. ಹೀಗೆ ಸ್ವಪರಾಗದಿಂದ ಬೆಳೆಸುತ್ತ ಹೋದರೆ ಮಿಶ್ರ ವಂಶವಾಹಿ ಜೋಡಿಗಳ ಪಾಲು ಪ್ರತಿ ಪೀಳಿಗೆಯಲ್ಲಿ ಅರ್ಧಕ್ಕಿಳಿಯುತ್ತದೆ: ಅರ್ಧ, ಕಾಲು, ಅರೆಕಾಲು. ಆರು ಪೀಳಿಗೆಗಳಲ್ಲಿ ಉಳಿಯುವುದು 64ರಲ್ಲಿ ಒಂದು ಪಾಲು ಮಾತ್ರ. ಡೆನ್ಮಾರ್ಕಿನ ಯೊಹಾನ್ಸನ್ 1903ರಲ್ಲಿ ಶುದ್ಧ ವಂಶ ಎಂದು ಕರೆದದ್ದು ಇದನ್ನೇ. ಶುದ್ಧ ವಂಶದಲ್ಲಿ ಒಂದು ಗಿಡ ಇನ್ನೊಂದಕ್ಕಿಂತ ಎತ್ತರವಾಗಿದ್ದರೆ ಅದು ಮಣ್ಣು, ನೀರು, ಗೊಬ್ಬರದ ಗುಣ, ಬೀಜದ ಗುಣವಲ್ಲ. ಯಾವ ಗಿಡದ ಬೀಜ ತಂದರೂ ಸಂತತಿ ಒಂದೇ ತೆರನಾಗಿರುತ್ತದೆ.

ಕುಮಟಾದ ಮಿಶ್ರಣದಿಂದ ಹೀಗೆ ಬೇರ್ಪಟ್ಟ ಶುದ್ಧ ವಂಶ ಧಾರವಾಡ ನಂ. 1, ಧಾರವಾಡ ಅಮೆರಿಕನ್ನಿನಿಂದ ಆರಿಸಿದ್ದು ಗದಗ ನಂ. 1. ಕರಿಮಣ್ಣಿನ ಹತ್ತಿಗೆ ಸೊರಗು ರೋಗ ದೊಡ್ಡ ಪೀಡೆಯಾಗಿತ್ತು. ರೋಗ ತಡೆಯುವ ಗುಣವನ್ನೂ ಒಳ್ಳೆಯ ಎಳೆಯನ್ನೂ ಒಂದೇ ಗಿಡದಲ್ಲಿ ಕೂಡಿಸುವ ಪ್ರಯತ್ನದಿಂದ ಜಯವಂತ ಎಂಬ ತಳಿಯೂ, ಮುಂದೆ ಜಯಧರವೂ ಬಂದವು. ಎರಡು ಗುಣಗಳನ್ನು ಕೂಡಿಸುವ ಲೆಕ್ಕವನ್ನು ಮೆಂಡೆಲ್ ಆಗಲೇ ಹಾಕಿಕೊಟ್ಟಿದ್ದ. ಎರಡೂ ಗುಣಗಳು ಶುದ್ಧವಾಗಿ ಒಂದೇ ಗಿಡದಲ್ಲಿ ಸೇರುವ ಸಂಭವನೀಯತೆ ಕಾಲಿನಲ್ಲಿ ಕಾಲು, ಎಂದರೆ 16ರಲ್ಲಿ ಒಂದು. 16 ಗಿಡ ಬೆಳೆದರೆ ಒಂದು ಸಿಕ್ಕೇ ಸಿಗುತ್ತದೆಂದು ಇದರ ಅರ್ಥವಲ್ಲ. ನೂರಕ್ಕೆ 95 ಪಾಲು ಭರವಸೆ ಬೇಕಾದರೆ 47 ಗಿಡಗಳನ್ನಾದರೂ ಬೆಳೆಯಬೇಕು. ಸಂಶೋಧನಾ ಕ್ಷೇತ್ರಕ್ಕೆ ಎಷ್ಟು ನೆಲ, ಎಷ್ಟು ಆಳು ಬೇಕೆಂಬುದನ್ನು ಇಂತಹ ಲೆಕ್ಕವೇ ನಿರ್ಧರಿಸುತ್ತಿತ್ತು.

1921ರಲ್ಲಿ ರೂಪುಗೊಂಡ ಭಾರತೀಯ ಕೇಂದ್ರ ಹತ್ತಿ ಸಮಿತಿಯು ಈ ಕೆಲಸಕ್ಕೆ ಆರ್ಥಿಕ ಬಲ ನೀಡಿತು. 1924ರಲ್ಲಿ ಮುಂಬಯಿಯ ಮಾತುಂಗಾದಲ್ಲಿ ಸಮಿತಿಯ ತಾಂತ್ರಿಕ ಪ್ರಯೋಗಾಲಯ ಆರಂಭವಾದ ಮೇಲೆ ಹೊಲದ ತಳಿಗಳನ್ನು ನೂತು ಪರೀಕ್ಷಿಸುವುದು ಸಾಧ್ಯವಾಯಿತು. ಗಿಡದ ವಂಶಾವಳಿಗೂ ನೂಲಿನ ಗುಣಕ್ಕೂ ಇರುವ ಸಂಬಂಧ ಗಾದೆಯಿಂದ ದಾಖಲೆಗೆ ಇಳಿಯಿತು.

ಎಳೆಯುದ್ದದ ತೊಡಕು

ಹೂವಿನ ಬಣ್ಣದಂತೆ ಎಳೆಯ ಉದ್ದವೂ ಮೂರಕ್ಕೆ ಒಂದರಂತೆ ಬೇರ್ಪಟ್ಟಿದ್ದರೆ ಹತ್ತಿಯ ಇತಿಹಾಸ ಬೇರೆಯಾಗುತ್ತಿತ್ತು. ಉದ್ದ ಎಳೆಯ ಗಿಡಕ್ಕೂ ಗಿಡ್ಡ ಎಳೆಯ ಗಿಡಕ್ಕೂ ಸಂಕರ ಮಾಡಿದರೆ ಮೊಮ್ಮಕ್ಕಳಲ್ಲಿ ಎರಡು ಗುಂಪುಗಳು ಕಾಣುವುದಿಲ್ಲ. ಗಿಡ್ಡದಿಂದ ಉದ್ದದವರೆಗೆ ಸಾಲುಗಟ್ಟಿದ ಎಲ್ಲ ಅಳತೆಗಳೂ ಕಾಣುತ್ತವೆ. ಮೆಂಡೆಲನ ನಿಯಮ ಇಲ್ಲಿ ಸೋತಿತೆಂದು ಕೆಲವರು ಭಾವಿಸಿದ್ದುಂಟು. ಒಂದೇ ಗುಣದ ಹಿಂದೆ ಹಲವು ವಂಶವಾಹಿಗಳು ಕೆಲಸ ಮಾಡಿದರೆ ಮೆಂಡೆಲನ ನಿಯಮದಿಂದಲೇ ಇಂತಹ ಸಾಲು ಹುಟ್ಟುತ್ತದೆ ಎಂಬುದನ್ನು ಆರ್. ಎ. ಫಿಷರ್ 1918ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. ಇಂದೂರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಜೆ. ಬಿ. ಹಚಿನ್‌ಸನ್ ಮತ್ತು ವಿ. ಜಿ. ಪಾನ್ಸೆ ಅವರು 1930ರ ದಶಕದಲ್ಲಿ ಈ ಗಣಿತವನ್ನು ಭಾರತದ ಹತ್ತಿಗೆ ಅನ್ವಯಿಸಿದರು. ಗಿಡ ಗಿಡಗಳ ನಡುವಣ ವ್ಯತ್ಯಾಸದಲ್ಲಿ ಬೀಜದ ಪಾಲೆಷ್ಟು, ನೆಲದ ಪಾಲೆಷ್ಟು ಎಂದು ಬೇರ್ಪಡಿಸುವ ವಿಧಾನ ಹೀಗೆ ತಳಿವಿಜ್ಞಾನಿಗಳ ಕೈಗೆ ಬಂದಿತು.

ಲೆಕ್ಕ ಬಂದಿತು, ಆದರೆ ಕೆಲಸ ಹಗುರಾಗಲಿಲ್ಲ. ಒಂದು ಗುಣದ ಹಿಂದೆ ಐದು ಜೋಡಿ ವಂಶವಾಹಿಗಳಿದ್ದರೆ ಅಪೇಕ್ಷಿತವಾದ ಐದೂ ಶುದ್ಧವಾಗಿ ಒಂದು ಗಿಡದಲ್ಲಿ ಸೇರುವ ಸಂಭವನೀಯತೆ 1,024ರಲ್ಲಿ ಒಂದು. ಹತ್ತು ಜೋಡಿಗಳಿದ್ದರೆ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಗಿಡಗಳಲ್ಲಿ ಒಂದು. ಐದು ಜೋಡಿಯ ಲೆಕ್ಕದಲ್ಲಿಯೇ ನೂರಕ್ಕೆ 95 ಪಾಲು ಭರವಸೆಗೆ ಮೂರು ಸಾವಿರಕ್ಕಿಂತ ಹೆಚ್ಚು ಗಿಡಗಳು ಬೇಕು. ಒಂದು ಒಳ್ಳೆಯ ತಳಿ ಹೊರಬರಲು ಹತ್ತು ಹದಿನೈದು ವರ್ಷ ಹಿಡಿಯುತ್ತಿದ್ದುದು ಇದರಿಂದಲೇ.

1947ರ ದೇಶವಿಭಜನೆ ಈ ತಾಳ್ಮೆಗೆ ಪೆಟ್ಟು ಕೊಟ್ಟಿತು. ಸಿಂಧ್ ಮತ್ತು ಪಶ್ಚಿಮ ಪಂಜಾಬಿನ ನೀಳ ಎಳೆಯ ಹತ್ತಿಯ ಪ್ರದೇಶಗಳು ಪಾಕಿಸ್ತಾನಕ್ಕೆ ಸೇರಿದವು. ಗಿರಣಿಗಳು ಬಹುಪಾಲು ಭಾರತದಲ್ಲಿ ಉಳಿದವು. ಗಿಡ್ಡ ಎಳೆಯ ಜವಾರಿ ಹತ್ತಿ ಈ ಕೊರತೆಯನ್ನು ತುಂಬಲಾರದು. ಹೊರದೇಶದಿಂದ ನೀಳ ಹತ್ತಿಯನ್ನು ತರಿಸಿಕೊಳ್ಳುವುದು ಅನಿವಾರ್ಯವಾಯಿತು. ಬೇಗ ಫಲ ಕೊಡುವ ಬೇರೊಂದು ದಾರಿಯ ಅಗತ್ಯ ಎದುರಾದುದು ಈ ಸಂದರ್ಭದಲ್ಲಿ.

ವರಲಕ್ಷ್ಮಿ: ಒಂದು ಪೀಳಿಗೆಯ ಭರವಸೆ

ಶುದ್ಧವಾದ ಎರಡು ವಂಶಗಳನ್ನು ಕೂಡಿಸಿದಾಗ ಹುಟ್ಟುವ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ತೆರನಾಗಿರುತ್ತವೆ, ಎಷ್ಟೋ ವೇಳೆ ತಂದೆತಾಯಿಯರನ್ನು ಮೀರಿ ಬೆಳೆಯುತ್ತವೆ. ಹಾಗಾದರೆ ಸಂಕರದ ಮೊಮ್ಮಕ್ಕಳಲ್ಲಿ ಲಕ್ಷಕ್ಕೊಂದನ್ನು ಹುಡುಕುವ ಬದಲು ಮೊದಲ ಪೀಳಿಗೆಯ ಬೀಜವನ್ನೇ ಪ್ರತಿವರ್ಷ ಹೊಸದಾಗಿ ಮಾಡಿ ಏಕೆ ಬಿತ್ತಬಾರದು? ಸೂರತ್ತಿನಲ್ಲಿ ಸಿ. ಟಿ. ಪಟೇಲ್ ಅವರು 1970ರಲ್ಲಿ ಹೊರತಂದ ಎಚ್-4 ಜಗತ್ತಿನಲ್ಲಿಯೇ ವಾಣಿಜ್ಯ ಬೇಸಾಯಕ್ಕೆ ಬಂದ ಮೊದಲ ಸಂಕರ ಹತ್ತಿ. ಅದರ ತಂದೆತಾಯಿಯರಿಬ್ಬರೂ ಒಂದೇ ಪ್ರಭೇದದವರು. ಎರಡು ವರ್ಷಗಳ ತರುವಾಯ, 1972ರಲ್ಲಿ, ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರು ಎರಡು ಪ್ರಭೇದಗಳನ್ನೇ ಕೂಡಿಸಿದ ವರಲಕ್ಷ್ಮಿಯನ್ನು ರೈತರಿಗೆ ನೀಡಿದರು.

ವರಲಕ್ಷ್ಮಿಯ ತಾಯಿ ಲಕ್ಷ್ಮಿ ಎಂಬ ಹಿರ್ಸೂಟಂ ತಳಿ. ತಂದೆ ರಷ್ಯದಿಂದ ತರಿಸಿದ ಎಸ್‌ಬಿ 289ಇ ಎಂಬ ಬಾರ್ಬಡೆನ್ಸ್ ಹತ್ತಿ. ಎರಡರಲ್ಲಿಯೂ 52 ವರ್ಣತಂತುಗಳಿರುವುದರಿಂದ ಮಗು ಬಂಜೆಯಾಗಲಿಲ್ಲ. ಲಕ್ಷ್ಮಿ ತಾನೇ ಗದಗ ನಂ. 1 ಮತ್ತು ಕಾಂಬೋಡಿಯಾ ಹತ್ತಿಯ ಸಂಕರದಿಂದ ಹುಟ್ಟಿದ್ದು. ಗದಗ ನಂ. 1ರ ಮೂಲ ಧಾರವಾಡ ಅಮೆರಿಕನ್. ಅದರ ಮೂಲ 1840ರ ದಶಕದ ನ್ಯೂ ಆರ್ಲಿಯನ್ಸ್ ಬೀಜ. ಹೀಗೆ ಕುಸುಗಲ್ಲಿನಲ್ಲಿ ಬಿದ್ದ ಬೀಜವೊಂದರ ವಂಶ ನೂರಮೂವತ್ತು ವರ್ಷಗಳ ಬಳಿಕ ವರಲಕ್ಷ್ಮಿಯ ತಾಯಿಮನೆಯಾಯಿತು. 1981ರಲ್ಲಿ ಡಿಎಸ್-28 ಮತ್ತು ಎಸ್‌ಬಿ 425 ವೈಎಫ್ ಎಂಬವುಗಳ ಸಂಕರವಾದ ಡಿಸಿಎಚ್-32 ಜಯಲಕ್ಷ್ಮಿ ಎಂಬ ಹೆಸರಿನಿಂದ ಬಂದಿತು. ಅತಿ ನೀಳ ಎಳೆಯ ಹತ್ತಿಗೆ ಕರ್ನಾಟಕ ಹೆಸರಾಗುವುದಕ್ಕೆ ಈ ಎರಡು ಲಕ್ಷ್ಮಿಯರು ಕಾರಣರಾದರು. ವಿದೇಶದ ನೀಳ ಹತ್ತಿಯ ಮೇಲಿನ ಅವಲಂಬನೆ ತಗ್ಗಿತು. 1986ರಲ್ಲಿ ಧಾರವಾಡದಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಹತ್ತಿ ಸಂಶೋಧನೆಯ ಈ ಪರಂಪರೆ ಅದಕ್ಕೆ ಬಳುವಳಿಯಾಗಿ ದೊರೆಯಿತು.

ಸಂಕರ ಬೀಜದ ಉತ್ಪಾದನೆ ಕೈಕೆಲಸವೇ ಆಗಿದೆ. ಸಂಜೆ ತಾಯಿಗಿಡದ ಮೊಗ್ಗನ್ನು ಉಗುರಿನಿಂದ ಸೀಳಿ ಕೇಸರಗಳನ್ನು ತೆಗೆದುಹಾಕಿ, ಮರುದಿನ ಬೆಳಿಗ್ಗೆ ತಂದೆಗಿಡದ ಹೂವನ್ನು ತಂದು ತಾಕಿಸಬೇಕು. ಒಂದೊಂದು ಹೂವಿಗೂ ಒಂದೊಂದು ಮದುವೆ. ಈ ಕೆಲಸಕ್ಕೆ ಹೆಂಗಸರನ್ನೂ ಎಳೆಯ ಹುಡುಗಿಯರನ್ನೂ ಬಳಸಿಕೊಂಡುದು ಮುಂದಿನ ದಶಕಗಳಲ್ಲಿ ತೀವ್ರ ಟೀಕೆಗೆ ಗುರಿಯಾಯಿತು. ಹಿಂದೆ ಅಂಗಳದ ಕಲ್ಲಿನ ಮೇಲೆ ಮನೆಯ ಬಿತ್ತಿಗೆಯನ್ನು ಕಾಯ್ದ ಹೆಣ್ಣಿನ ಕೈ ಈಗ ಕೂಲಿಗೆ ಬೇರೆಯವರ ಬೀಜವನ್ನು ಸಿದ್ಧಪಡಿಸುವ ಕೈಯಾಯಿತು.

ಇದಕ್ಕಿಂತ ಆಳವಾದ ಬದಲಾವಣೆ ರೈತನ ಬೀಜದ ಗಡಿಗೆಯಲ್ಲಿ ಆಯಿತು. ಸಂಕರ ಹತ್ತಿಯ ಹೊಲದಿಂದ ಕಾಳು ತೆಗೆದು ಮರುವರ್ಷ ಬಿತ್ತಿದರೆ ಬರುವುದು ಎರಡನೆಯ ಪೀಳಿಗೆ. ಮಿಶ್ರ ಜೋಡಿಗಳಲ್ಲಿ ಅರ್ಧ ಕರಗಿಹೋಗುವುದರಿಂದ ಸಂಕರದ ಹೆಚ್ಚಳವೂ ಸುಮಾರು ಅರ್ಧಕ್ಕಿಳಿಯುತ್ತದೆ. ಎಳೆ, ಎತ್ತರ, ಕಾಯಿ ಬಿಡುವ ಕಾಲ ಎಲ್ಲವೂ ಚೆದುರುತ್ತವೆ. ವರಲಕ್ಷ್ಮಿಯಂತಹ ಎರಡು ಪ್ರಭೇದಗಳ ಸಂಕರದಲ್ಲಿ ಈ ಕುಸಿತ ಇನ್ನೂ ತೀವ್ರ. ಮೊಮ್ಮಕ್ಕಳಲ್ಲಿ ದುರ್ಬಲ ಗಿಡಗಳೂ ಬರಡು ಗಿಡಗಳೂ ಕಾಣುತ್ತವೆ. ಇದು ಬೀಜ ಮಾರುವವರ ಮೋಸವಲ್ಲ, ಮಣ್ಣಿನ ದೋಷವೂ ಅಲ್ಲ. ಮೂರಕ್ಕೆ ಒಂದು ಎಂಬ ಅದೇ ನಿಯಮದ ಇನ್ನೊಂದು ಮುಖ. ಶುದ್ಧ ವಂಶದ ತಳಿ ಎಷ್ಟು ಪೀಳಿಗೆಗಳಿಗಾದರೂ ತನ್ನ ಮಾತನ್ನು ಉಳಿಸಿಕೊಳ್ಳುತ್ತದೆ. ಸಂಕರ ತಳಿ ಒಂದೇ ಪೀಳಿಗೆಯ ಮಟ್ಟಿಗೆ ಮಾತು ಕೊಡುತ್ತದೆ, ಅದನ್ನು ಚೆನ್ನಾಗಿಯೇ ಉಳಿಸಿಕೊಳ್ಳುತ್ತದೆ. ಆಮೇಲೆ ಪ್ರತಿವರ್ಷವೂ ಅಂಗಡಿಗೆ ಹೋಗಬೇಕು.

ಕಾಯಿಯೊಳಗಿನ ಅನುಪಾತ

2002ರಲ್ಲಿ ಭಾರತದಲ್ಲಿ ಬಿಟಿ ಹತ್ತಿಯ ಬೇಸಾಯಕ್ಕೆ ಅನುಮತಿ ದೊರೆಯಿತು. ಮಣ್ಣಿನ ಒಂದು ಬ್ಯಾಕ್ಟೀರಿಯದಿಂದ ಪಡೆದ ವಂಶವಾಹಿ ಕಾಯಿಕೊರಕ ಹುಳುವಿಗೆ ವಿಷವಾಗುವ ಪ್ರೋಟೀನನ್ನು ಗಿಡದೊಳಗೇ ಉತ್ಪಾದಿಸುತ್ತದೆ. ಅಮೆರಿಕ, ಚೀನಾ, ಆಸ್ಟ್ರೇಲಿಯಗಳಲ್ಲಿ ಈ ವಂಶವಾಹಿ ಪ್ರಧಾನವಾಗಿ ಶುದ್ಧ ತಳಿಗಳಲ್ಲಿ ಬಂದಿತು. ಭಾರತದಲ್ಲಿ ಅದು ಬಂದದ್ದು ಬಹುಮಟ್ಟಿಗೆ ಸಂಕರಗಳಲ್ಲಿ. ಈ ವ್ಯತ್ಯಾಸದ ಪರಿಣಾಮ ಮೆಂಡೆಲನ ಲೆಕ್ಕದಿಂದ ಮಾತ್ರ ಸ್ಪಷ್ಟವಾಗುತ್ತದೆ.

ಕಾಯಿ ತಾಯಿಗಿಡದ್ದು, ಕಾಳಿನೊಳಗಿನ ಭ್ರೂಣ ಮುಂದಿನ ಪೀಳಿಗೆಯದು. ಸಂಕರ ಗಿಡಕ್ಕೆ ಬಿಟಿ ವಂಶವಾಹಿ ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಅದರ ಕಾಯಿಯಲ್ಲಿ ನಾಲ್ಕರಲ್ಲಿ ಒಂದು ಕಾಳಿಗೆ ಆ ವಂಶವಾಹಿ ಇರುವುದಿಲ್ಲ. 2006ರಲ್ಲಿ ಬಂದ ಎರಡು ವಂಶವಾಹಿಗಳ ಬಿಟಿಯಲ್ಲಿ ಅನುಪಾತ 9:3:3:1. ಒಂದು ಕಾಯಿಯಲ್ಲಿ 32 ಕಾಳುಗಳಿವೆಯೆಂದುಕೊಂಡರೆ ಸರಾಸರಿ 18ರಲ್ಲಿ ಎರಡೂ ವಂಶವಾಹಿಗಳು, 12ರಲ್ಲಿ ಒಂದೊಂದೇ, 2ರಲ್ಲಿ ಯಾವುದೂ ಇಲ್ಲ. ಗುಲಾಬಿ ಕಾಯಿಕೊರಕದ ಆಹಾರ ಈ ಕಾಳುಗಳೇ. ಒಂದೇ ಕಾಯಿಯೊಳಗೆ ವಿಷವಿಲ್ಲದ, ಅರೆವಿಷದ, ಪೂರ್ಣವಿಷದ ಕಾಳುಗಳು ಒತ್ತಾಗಿರುವುದರಿಂದ ಹುಳುವು ವಿಷಕ್ಕೆ ಹಂತ ಹಂತವಾಗಿ ಒಗ್ಗಿಕೊಳ್ಳಲು ಅನುಕೂಲವಾಯಿತೆಂದು ಹತ್ತಿ ವಿಜ್ಞಾನಿ ಕೆ. ಆರ್. ಕ್ರಾಂತಿ ಮೊದಲಾದವರು ವಾದಿಸಿದ್ದಾರೆ. 2015ರ ಆಸುಪಾಸಿನಿಂದ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಬಿಟಿ ಹತ್ತಿಯ ಮೇಲೆಯೇ ಗುಲಾಬಿ ಕಾಯಿಕೊರಕ ಮರಳಿ ಕಾಣಿಸಿಕೊಂಡಿತು. ಇದಕ್ಕೆ ದೀರ್ಘಾವಧಿಯ ಬೆಳೆ, ಆಶ್ರಯ ಬೆಳೆಯ ಉಪೇಕ್ಷೆ ಮೊದಲಾದ ಬೇರೆ ಕಾರಣಗಳೂ ಇವೆ. ಆದರೂ 1866ರ ಅನುಪಾತವೊಂದು ಕಾಯಿಯೊಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತೆಂಬುದನ್ನು ಮರೆಯುವಂತಿಲ್ಲ.

ಉಪಸಂಹಾರ

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001, ತನ್ನ ಹೊಲದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ನೀಡಿದೆ. ಕಾನೂನಿನ ದೃಷ್ಟಿಯಿಂದ ಇದು ದೊಡ್ಡ ಹಕ್ಕು. ಆದರೆ ಸಂಕರ ಹತ್ತಿಯ ಹೊಲದಲ್ಲಿ ಈ ಹಕ್ಕಿಗೆ ಫಲವಿಲ್ಲ. ಕಾನೂನು ಕೊಟ್ಟದ್ದನ್ನು ಅಲ್ಲಿ ಅನುಪಾತ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಬೀಜ ಉಳಿಸುವ ಹಕ್ಕು ಅರ್ಥಪೂರ್ಣವಾಗಬೇಕಾದರೆ ಉಳಿಸಲು ಯೋಗ್ಯವಾದ, ಪೀಳಿಗೆಯಿಂದ ಪೀಳಿಗೆಗೆ ತನ್ನ ಗುಣ ಬಿಡದ ಶುದ್ಧ ತಳಿಗಳೂ ಇರಬೇಕು. ಜಯಧರದಂತಹ ಜವಾರಿ ತಳಿಗಳ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಕಾಣಬೇಕಾಗಿದೆ. ಅವುಗಳ ಎಳೆ ಗಿಡ್ಡ, ಇಳುವರಿ ಕಡಿಮೆ. ಆದರೆ ಅವುಗಳ ಬೀಜ ರೈತನ ಮನೆಯಲ್ಲಿಯೇ ಇರಬಲ್ಲದು.

ಕುಮಟಾ ಹತ್ತಿಯಿಂದ ಬಿಟಿ ಹತ್ತಿಯವರೆಗಿನ ಈ ಪಯಣದಲ್ಲಿ ಮುಂದಿನ ಪೀಳಿಗೆಯ ಗುಣವನ್ನು ಮುಂಗಾಣುವ ಶಕ್ತಿ ನಿಜವಾಗಿಯೂ ಬೆಳೆಯಿತು. ಕಾಣದಿದ್ದ ತಂದೆ ಗೊತ್ತಾದ. ಗೊತ್ತಾದವನು ಆಯ್ಕೆಗೂ ಒಳಗಾದ. ವಿಭಜನೆಯ ನಂತರದ ನೀಳ ಹತ್ತಿಯ ಕೊರತೆಯನ್ನು ಈ ವಿದ್ಯೆ ತಗ್ಗಿಸಿದ್ದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಶಕ್ತಿ ಅಂಗಳದಿಂದ ಸಂಶೋಧನಾ ಕ್ಷೇತ್ರಕ್ಕೆ, ಅಲ್ಲಿಂದ ಬೀಜದ ಮಾರುಕಟ್ಟೆಗೆ ಸಾಗಿತು. ಲೆಕ್ಕ ಹೆಚ್ಚು ಖಚಿತವಾದಂತೆ ಲೆಕ್ಕ ಹಿಡಿದವನು ರೈತನಿಂದ ಹೆಚ್ಚು ದೂರವಾದ. ಮೂರಕ್ಕೆ ಒಂದು ಎಂಬ ಲೆಕ್ಕ ಕಠಿಣವಾದುದೇನೂ ಅಲ್ಲ. ಎರಡು ನಾಣ್ಯಗಳನ್ನು ಚಿಮ್ಮಿ ಶಾಲೆಯ ಮಕ್ಕಳೂ ಅದನ್ನು ಕಂಡುಕೊಳ್ಳಬಲ್ಲರು. ಬೀಜದ ಚೀಲ ಕೊಳ್ಳುವ ಮುನ್ನ ಅದು ಶುದ್ಧವೋ ಸಂಕರವೋ, ಅದರ ಕಾಳನ್ನು ಮರುವರ್ಷ ಬಿತ್ತಿದರೆ ಏನಾದೀತು ಎಂಬುದನ್ನು ತಾನೇ ಎಣಿಸಬಲ್ಲ ರೈತನಿಗೆ ಆಯ್ಕೆ ಎಂಬುದೊಂದು ಉಳಿಯುತ್ತದೆ. ನೂಲಿನಂತೆ ಸೀರೆ ಎಂಬ ಮಾತನ್ನು ಹೇಳಿಕೊಟ್ಟ ಈ ಸೀಮೆಗೆ ಆ ಎಣಿಕೆಯನ್ನು ಹೊಲದವರೆಗೆ ತಲುಪಿಸುವ ಹೊಣೆ ಇನ್ನೂ ಬಾಕಿಯಿದೆ.